ಬಿಸಿಲಿದ್ದಾಗ ನೀರೆತ್ತಿಕೋ

2023ರ ಅಕ್ಟೋಬರ್‌ನಲ್ಲಿ ವಿಜಯಪುರ ಜಿಲ್ಲೆಯ ರೋಣಿಹಾಳದ ರೈತರು ಒಂದು ಮೊಸಳೆಯನ್ನು ಹಗ್ಗದಲ್ಲಿ ಬಿಗಿದು, ಟ್ರ್ಯಾಕ್ಟರ್‌ಗೆ ಹೇರಿ, ವಿದ್ಯುತ್ ಉಪಕೇಂದ್ರದ ಎದುರು ತಂದಿಳಿಸಿದರು. ಮೋಟರ್ ಓಡಲು ಬೇಕಾದ ತ್ರಿಫೇಸ್ ಕರೆಂಟ್ ಕೊಡುವುದು ರಾತ್ರಿ, ನೀರು ಹಾಯಿಸಲು ಕತ್ತಲಲ್ಲಿ ಹೊಲಕ್ಕೆ ಹೋಗಬೇಕು, ಹೊಲದಲ್ಲಿ ಇದು ಬಾಯ್ತೆರೆದು ಕೂತಿದ್ದರೆ ಏನು ಗತಿ ಎಂಬುದು ಅವರ ತಕರಾರು. ಅರಣ್ಯ ಇಲಾಖೆಯವರು ಬಂದು ಮೊಸಳೆಯನ್ನು ಒಯ್ದರು. ಆ ದೃಶ್ಯ ನಾಲ್ಕು ದಿನ ಮೊಬೈಲಿನಿಂದ ಮೊಬೈಲಿಗೆ ಓಡಾಡಿತು, ಜನ ನಕ್ಕರು, ಮರೆತರು.

ನನಗೆ ಮರೆಯಲಾಗದ್ದು ಆ ಬೇಡಿಕೆಯ ಖಚಿತತೆ. ಅವರು ಜಾಸ್ತಿ ಕರೆಂಟ್ ಕೇಳಿರಲಿಲ್ಲ, ಹಗಲಿನ ಕರೆಂಟ್ ಕೇಳಿದ್ದರು. ರಾಜ್ಯದ ವಿದ್ಯುತ್ ಚರ್ಚೆಯಲ್ಲಿ ನಾವು ಯಾವಾಗಲೂ ಎಷ್ಟು ಮೆಗಾವ್ಯಾಟ್ ಎಂದು ಕೇಳುತ್ತೇವೆ. ಎಷ್ಟು ಗಂಟೆಗೆ ಎಂದು ಕೇಳಿದವರು ಆ ರೈತರು. ಸೌರ ವಿದ್ಯುತ್ತಿನ ಲೆಕ್ಕವೆಲ್ಲ ನಿಂತಿರುವುದು ಈ ಎರಡನೇ ಪ್ರಶ್ನೆಯ ಮೇಲೆ.

ಆ ವರ್ಷ ಆದದ್ದೇನು ಎಂಬುದನ್ನು ಒಮ್ಮೆ ನೆನಪಿಸಿಕೊಳ್ಳಬೇಕು. ಮುಂಗಾರು ಕೈಕೊಟ್ಟಿತು. ಆಗಸ್ಟ್ ಅಂತೂ ದೇಶದ ಮಟ್ಟದಲ್ಲಿ 1901ರ ನಂತರದ ಅತ್ಯಂತ ಒಣ ಆಗಸ್ಟ್ ಎಂದು ದಾಖಲಾಯಿತು. ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದವು. ಮಳೆಗಾಲದಲ್ಲಿ ಸಾಮಾನ್ಯವಾಗಿ ಮೋಟರ್‌ಗಳಿಗೆ ರಜೆ. ಆ ಸಲ ಶ್ರಾವಣದಲ್ಲೇ ಎಲ್ಲ ಮೋಟರ್‌ಗಳೂ ಗುಂಯ್‌ಗುಟ್ಟತೊಡಗಿದವು. ರಾಜ್ಯದ ಬೇಡಿಕೆ ಆಗಸ್ಟ್‌ನಲ್ಲೇ 16,000 ಮೆಗಾವ್ಯಾಟ್ ದಾಟಿತು, ಬೇಸಿಗೆಯಲ್ಲಿ ಬರಬೇಕಾದ ಲೆಕ್ಕ ಅದು. ಅತ್ತ ಶರಾವತಿಯ ಲಿಂಗನಮಕ್ಕಿ ಜಲಾಶಯ ತುಂಬಲಿಲ್ಲ. ಬೇಡಿಕೆ ಏರಿಸಿದ್ದೂ ಜಲವಿದ್ಯುತ್ತಿನ ಕೈ ಕಟ್ಟಿದ್ದೂ ಒಂದೇ ಬರ. ಸರ್ಕಾರ ಪಂಪ್‌ಸೆಟ್‌ಗಳಿಗೆ ಕೊಡುತ್ತಿದ್ದ ಏಳು ಗಂಟೆಯ ತ್ರಿಫೇಸನ್ನು ಐದಕ್ಕೆ ಇಳಿಸಿತು. ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಚಲಾಯಿಸಿ, ರಾಜ್ಯದೊಳಗಿನ ಖಾಸಗಿ ಉತ್ಪಾದಕರು ಹೊರಗೆ ಮಾರದೆ ಇಲ್ಲಿಗೇ ಕೊಡಬೇಕು ಎಂದಿತು. ಉತ್ತರಪ್ರದೇಶ, ಪಂಜಾಬ್‌ಗಳಿಂದ ಕೈಗಡ ತಂದರು. ಅಕ್ಕಪಕ್ಕದ ಮನೆಯಿಂದ ಒಂದು ಸೇರು ಅಕ್ಕಿ ತಂದು, ಸುಗ್ಗಿ ಮುಗಿದ ಮೇಲೆ ಹಿಂದಿರುಗಿಸಿದ ಹಾಗೆ, ಈಗ ತಗೊಂಡ ಯೂನಿಟ್ಟಿಗೆ ಆಮೇಲೆ ಯೂನಿಟ್ಟನ್ನೇ ವಾಪಸ್ ಕೊಡುವ ಒಪ್ಪಂದ ಅದು.

ಇಷ್ಟೆಲ್ಲ ಆಗುವಾಗ ರಾಜ್ಯದ ಸೌರ ಫಲಕಗಳು ಏನು ಮಾಡುತ್ತಿದ್ದವು? ಮೋಡವಿಲ್ಲದ ಆಕಾಶದ ಕೆಳಗೆ ಚೆನ್ನಾಗಿಯೇ ದುಡಿಯುತ್ತಿದ್ದವು. ಅವು ಇಲ್ಲದಿದ್ದರೆ ಕರಾಳವಾಗುತ್ತಿದ್ದದ್ದು ಹಗಲು. ಕೊರತೆ ಕಚ್ಚಿದ್ದು ಸೂರ್ಯ ಮುಳುಗಿದ ಮೇಲೆ.

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ರಾಯಚೂರಿನ ಶಾಖೋತ್ಪನ್ನ ಕೇಂದ್ರ 1,720 ಮೆಗಾವ್ಯಾಟ್, ಪಾವಗಡ ಸೌರ ಪಾರ್ಕ್ 2,050 ಮೆಗಾವ್ಯಾಟ್. ಹಾಗಾದರೆ ಪಾವಗಡ ದೊಡ್ಡದೇ? ಹೆಸರಿಗೆ ದೊಡ್ಡದು. ಒಂದು ಮೆಗಾವ್ಯಾಟ್ ಸೌರ ಘಟಕ ನಮ್ಮ ಬಿಸಿಲಿನಲ್ಲಿ ವರ್ಷದ ಸರಾಸರಿಯಲ್ಲಿ ದಿನಕ್ಕೆ ನಾಲ್ಕೂವರೆ, ಐದು ಸಾವಿರ ಯೂನಿಟ್ ಕೊಡುತ್ತದೆ. ಅದೇ ಒಂದು ಮೆಗಾವ್ಯಾಟ್ ಕಲ್ಲಿದ್ದಲು ಘಟಕ ಹಗಲೂ ರಾತ್ರಿ ಓಡಿದರೆ ಇಪ್ಪತ್ತು ಸಾವಿರ ಯೂನಿಟ್ ಕೊಡಬಲ್ಲದು. ಆದ್ದರಿಂದ ಯಾರಾದರೂ ಮಂತ್ರಿಗಳು ಇಷ್ಟು ಸಾವಿರ ಮೆಗಾವ್ಯಾಟ್ ಸೌರ ಸೇರಿಸಿದೆವು ಎಂದಾಗ ಮನಸ್ಸಿನಲ್ಲೇ ಅದನ್ನು ನಾಲ್ಕರಿಂದ ಭಾಗಿಸುವುದು ನನ್ನ ಅಭ್ಯಾಸ. ಹಾಗಂತ ಸೌರವನ್ನು ಹಗುರ ಮಾಡುವಂತೆಯೂ ಇಲ್ಲ. ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲು ಗಣಿಯೇ ಇಲ್ಲ. ರಾಯಚೂರು, ಬಳ್ಳಾರಿ, ಯರಮರಸ್‌ಗಳ ಬಾಯಿಲರ್‌ಗೆ ಬೀಳುವ ಪ್ರತಿ ಟನ್ನೂ ಹೊರ ರಾಜ್ಯಗಳಿಂದ ರೈಲಿನಲ್ಲಿ ಬರಬೇಕು. ಬಿಸಿಲಿಗೆ ರೈಲ್ವೆ ರೇಕ್ ಕಾಯಬೇಕಾಗಿಲ್ಲ.

ದರದ ಮಾತು ಬೇರೆ. ಹತ್ತು ಹನ್ನೆರಡು ವರ್ಷದ ಹಿಂದೆ ಮನೆಯ ಚಾವಣಿಯ ಸೌರ ವಿದ್ಯುತ್ತಿಗೆ ಯೂನಿಟ್‌ಗೆ 9 ರೂಪಾಯಿಗೂ ಮೇಲೆ ದರ ನಿಗದಿ ಮಾಡಿದ್ದ ರಾಜ್ಯ ನಮ್ಮದು. 2017ರ ಮೇ ತಿಂಗಳಲ್ಲಿ ರಾಜಸ್ಥಾನದ ಭದ್ಲಾ ಪಾರ್ಕಿನ ಹರಾಜಿನಲ್ಲಿ ದೊಡ್ಡ ಘಟಕಗಳ ದರ 2.44 ರೂಪಾಯಿಗೆ ಬಿತ್ತು. ಚಾವಣಿಗೂ ಪಾರ್ಕಿಗೂ ಹೋಲಿಕೆ ಪೂರ್ತಿ ಸರಿಯಲ್ಲ, ಆದರೂ ಬೀಳುತ್ತಿದ್ದ ವೇಗ ಗೊತ್ತಾಗುತ್ತದೆ. ಆ ಅಲೆಯ ಮೊದಲ ಸವಾರರಲ್ಲಿ ಕರ್ನಾಟಕವೂ ಒಂದು. 2014ರ ಸೌರ ನೀತಿ ಬಂತು. 2018ರ ಮಾರ್ಚ್ ಒಳಗೆ ಘಟಕ ಶುರು ಮಾಡಿದವರಿಗೆ ಹತ್ತು ವರ್ಷ ವಿದ್ಯುತ್ ಸಾಗಣೆ ಶುಲ್ಕದ ವಿನಾಯಿತಿ ಎಂದರು, ಕಂಪನಿಗಳು ಮುಗಿಬಿದ್ದವು. ಕೆಲ ವರ್ಷ ಸೌರ ಸಾಮರ್ಥ್ಯದಲ್ಲಿ ದೇಶಕ್ಕೇ ಮೊದಲ ಸ್ಥಾನ ನಮ್ಮದಾಗಿತ್ತು. ಆಮೇಲೆ ರಾಜಸ್ಥಾನ, ಗುಜರಾತ್ ದಾಟಿ ಹೋದವು. ಮರುಭೂಮಿ ಇದ್ದವರ ಜೊತೆ ಜಿದ್ದಿಗೆ ಬೀಳುವುದರಲ್ಲಿ ಅರ್ಥವಿಲ್ಲ ಬಿಡಿ.

ಪಾವಗಡವನ್ನು ಮಾತ್ರ ಹಾಗೆ ದಾಟಿ ಹೋಗಲಾಗದು. ನಕ್ಷೆಯಲ್ಲಿ ನೋಡಿದರೆ ಮೂರು ಕಡೆ ಆಂಧ್ರ ಸುತ್ತಿಕೊಂಡಿರುವ, ಮನೆಮಾತಿನಲ್ಲಿ ತೆಲುಗು ಬೆರೆತಿರುವ, ಮಳೆ ನೆಚ್ಚಿ ಕಡಲೆಕಾಯಿ ಬಿತ್ತಿ ಸೋಲುತ್ತಿದ್ದ ತಾಲ್ಲೂಕು. ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ಈ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಫಲಕಗಳು ಎದ್ದವು. 2018ರ ಮಾರ್ಚ್‌ನಲ್ಲಿ ಉದ್ಘಾಟನೆ, 2019ರ ಕೊನೆಗೆ ಪೂರ್ಣ ಸಾಮರ್ಥ್ಯ. ವಿಶೇಷವಿದ್ದದ್ದು ಜಮೀನಿನ ವ್ಯವಸ್ಥೆಯಲ್ಲಿ. ಭೂಸ್ವಾಧೀನ ಮಾಡಲಿಲ್ಲ, ಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ 28 ವರ್ಷಕ್ಕೆ ಗುತ್ತಿಗೆ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಪಹಣಿಯಲ್ಲಿ ರೈತನ ಹೆಸರು ಹಾಗೇ ಉಳಿಯಿತು. ಒಣ ಬೇಸಾಯದಲ್ಲಿ ಬೆವರು ಸುರಿಸಿ ಸಾಲ ಹೊತ್ತವನಿಗೆ ಇದು ನಿಂತ ಜಾಗದಲ್ಲಿ ಬರುವ ಬೆಳೆ. ಬೆಂಗಳೂರಿಗೆ ಗುಳೆ ಹೋದವರು ಕೆಲವರು ವಾಪಸ್ ಬಂದದ್ದೂ ಉಂಟು.

ಆದರೆ ಬಾಡಿಗೆ ಹೋದದ್ದು ಪಹಣಿ ಇದ್ದವರಿಗೆ. ಕೂಲಿಗೆ ಹೋಗುತ್ತಿದ್ದವರಿಗೆ ಕೂಲಿ ಹೋಯಿತು. ಕುರಿ ಮೇಯಿಸುತ್ತಿದ್ದವರ ಮುಂದೆ ತಂತಿಬೇಲಿ ಬಂತು. ದಾಖಲೆ ಇಲ್ಲದೆ ಉಳುತ್ತಿದ್ದವರಿಗೆ ಏನೂ ದಕ್ಕಲಿಲ್ಲ. ಪಾರ್ಕಿನಲ್ಲಿ ಉಳಿದ ಕೆಲಸವೆಂದರೆ ಹುಲ್ಲು ಕತ್ತರಿಸುವುದು, ಫಲಕ ಒರೆಸುವುದು, ಕಾವಲು ಕಾಯುವುದು. ಅದೂ ನಾಲ್ಕು ಹಳ್ಳಿಗೆ ಹಂಚಿಕೊಂಡರೆ ಮುಗಿಯುವಷ್ಟು. ಇದನ್ನು ಸೌರದ ವಿರೋಧಕ್ಕೆ ಬಳಸುವವರ ಜೊತೆ ನಾನಿಲ್ಲ. ಆದರೆ ಇನ್ನೊಂದು ಪಾವಗಡ ಕಟ್ಟುವ ಮಾತು ಬಂದಾಗಲೆಲ್ಲ, ಗುತ್ತಿಗೆ ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಏನು ಎಂಬ ಪ್ರಶ್ನೆ ಮೊದಲ ಸಾಲಿನಲ್ಲಿರಬೇಕು. ಫಲಕದ ನೆರಳಿನಲ್ಲಿ ಕುರಿ ಮೇಯಲು ಬಿಡುವುದಕ್ಕೆ ತಂತ್ರಜ್ಞಾನವೇನೂ ಬೇಕಾಗಿಲ್ಲ. ಫಲಕಗಳನ್ನು ಒಂದೆರಡು ಅಡಿ ಎತ್ತರಕ್ಕೆ ಕಟ್ಟಿ, ಗೇಟಿನ ಬೀಗ ತೆಗೆದರೆ ಸಾಕು.

ಈಗ ಲೆಕ್ಕಕ್ಕೆ ಬರೋಣ. 2025ರ ಬೇಸಿಗೆಯ ಹೊಸ್ತಿಲಲ್ಲಿ ರಾಜ್ಯದ ಗರಿಷ್ಠ ಬೇಡಿಕೆ 18,000 ಮೆಗಾವ್ಯಾಟ್ ಮೀರಿತು. ಸ್ಥಾಪಿತ ಸೌರ ಸಾಮರ್ಥ್ಯ 9,000 ಮೆಗಾವ್ಯಾಟ್ ದಾಟಿದೆ. ಬೇಸಿಗೆಯ ನಡುಮಧ್ಯಾಹ್ನ ರಾಜ್ಯ ಉಪಯೋಗಿಸುವ ವಿದ್ಯುತ್ತಿನಲ್ಲಿ ಸುಮಾರು ಮೂರನೇ ಒಂದು ಭಾಗ ಬಿಸಿಲಿನದೇ. ಇನ್ನೂ ಕುತೂಹಲದ ಸಂಗತಿಯೆಂದರೆ ಆ ಗರಿಷ್ಠ ಬೇಡಿಕೆ ಬಂದ ಹೊತ್ತು. ಒಂದು ಕಾಲಕ್ಕೆ ಗರಿಷ್ಠ ಬೇಡಿಕೆ ಎಂದರೆ ಸಂಜೆ ಏಳು ಗಂಟೆ. ಮನೆ ದೀಪ, ಟಿವಿ, ಮಿಕ್ಸಿ ಎಲ್ಲ ಒಟ್ಟಿಗೆ. ಈಗ ಕರ್ನಾಟಕದಲ್ಲಿ ದಾಖಲೆ ಮುರಿಯುವುದು ಬೆಳಿಗ್ಗೆ ಒಂಬತ್ತು ಹತ್ತರಿಂದ ಮಧ್ಯಾಹ್ನದೊಳಗೆ. ಜನ ತಮ್ಮ ರೂಢಿ ಬದಲಿಸಿಕೊಂಡದ್ದರಿಂದ ಹೀಗಾದದ್ದಲ್ಲ. ರಾಜ್ಯದ ಸುಮಾರು 34 ಲಕ್ಷ ಪಂಪ್‌ಸೆಟ್‌ಗಳಲ್ಲಿ ಆದಷ್ಟನ್ನು ವಿದ್ಯುತ್ ವಿತರಣಾ ಕಂಪನಿಗಳಾದ ಎಸ್ಕಾಂಗಳು ಹಗಲಿಗೆ ಎಳೆದು ತಂದಿರುವುದರಿಂದ ಹೀಗಾಗಿದೆ.

ಇದರ ಹಿಂದೆ ಅಷ್ಟಾಗಿ ಯಾರೂ ಹೊಗಳದ ಒಂದು ಕೆಲಸವಿದೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಹಳ್ಳಿಯ ಮನೆಗಳ ಫೀಡರ್ (ಉಪಕೇಂದ್ರದಿಂದ ಹೊರಡುವ ಲೈನು) ಬೇರೆ, ಪಂಪ್‌ಸೆಟ್‌ಗಳ ಫೀಡರ್ ಬೇರೆ ಎಂದು ತಂತಿ ಎಳೆದರು. ಆವರೆಗೆ ಮೋಟರ್ ನಿಲ್ಲಿಸಬೇಕೆಂದರೆ ಊರಿಗೇ ಕತ್ತಲು. ಈಗ ಉಪಕೇಂದ್ರದಲ್ಲಿ ಕೂತವರು ಪಂಪ್‌ಸೆಟ್ ಫೀಡರ್ ಒಂದನ್ನೇ ಹಾಕಿ ತೆಗೆಯಬಹುದು. ಅಂದರೆ, 34 ಲಕ್ಷ ಮೋಟರ್‌ಗಳ ಸ್ವಿಚ್ ಕಾರ್ಯತಃ ಎಸ್ಕಾಂ ಕೈಯಲ್ಲಿದೆ. ಎಷ್ಟು ಜನರ ಹೊಲದಲ್ಲಿ ಆಟೋ ಸ್ಟಾರ್ಟರ್ ಇದೆ ಎಂಬುದನ್ನು ಯಾವ ಲೈನ್‌ಮನ್ ಬೇಕಾದರೂ ಹೇಳುತ್ತಾನೆ. ತ್ರಿಫೇಸ್ ಬಂದ ಕ್ಷಣಕ್ಕೆ ಸೀಮೆಯ ಮೋಟರ್‌ಗಳೆಲ್ಲ ಒಟ್ಟಿಗೆ ಉರುಳುತ್ತವೆ, ಟಿಸಿ (ಟ್ರಾನ್ಸ್‌ಫಾರ್ಮರ್) ನರಳುತ್ತದೆ, ಆಗಾಗ ಸುಟ್ಟೂ ಹೋಗುತ್ತದೆ. ಅದಕ್ಕೇ ಫೀಡರ್‌ಗಳನ್ನು ಗುಂಪು ಮಾಡಿ ಸರದಿಯ ಮೇಲೆ ಕೊಡುತ್ತಾರೆ. ಆ ಸರದಿಯಲ್ಲಿ ರಾತ್ರಿ ಪಾಳಿ ಬಿದ್ದ ಊರು ರೋಣಿಹಾಳದಂಥದ್ದು.

ವಿದ್ಯುತ್ತನ್ನು ಕೂಡಿಡುವುದು ದುಬಾರಿ, ನೀರನ್ನು ಕೂಡಿಡುವುದು ಅಗ್ಗ. ಮಧ್ಯಾಹ್ನ ಎತ್ತಿದ ನೀರು ತೊಟ್ಟಿಯಲ್ಲೋ ಕೃಷಿಹೊಂಡದಲ್ಲೋ ನಿಂತಿರುತ್ತದೆ, ಬೆಳೆಗೆ ಸಂಜೆಯೂ ಹರಿಯುತ್ತದೆ, ನಾಳೆಯೂ ಹರಿಯುತ್ತದೆ. ಗಾಳಿ ಬಂದಾಗ ತೂರಿಕೋ ಎಂದು ಕಣದಲ್ಲಿ ಕಲಿತ ಜನಕ್ಕೆ ಇದನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಗಾಳಿಯ ಹೊತ್ತಿಗೆ ರಾಶಿ ಸಿದ್ಧವಿರಬೇಕು, ಅಷ್ಟೆ. ಬ್ಯಾಟರಿಗೆ ಕೋಟಿಗಟ್ಟಲೆ ಸುರಿಯುವ ಮೊದಲು, ಈಗಾಗಲೇ ನಮ್ಮಲ್ಲಿರುವ ಈ 34 ಲಕ್ಷ ಮೋಟರ್‌ಗಳನ್ನು ಪೂರ್ತಿಯಾಗಿ ಬಿಸಿಲಿನ ಹೊತ್ತಿಗೆ ಹೊಂದಿಸುವುದು ರಾಜ್ಯಕ್ಕೆ ಅತ್ಯಂತ ಅಗ್ಗದ ದಾರಿ ಎಂಬುದು ನನ್ನ ವಾದ.

ಕುಸುಮ್ ಯೋಜನೆಯ ಸಿ ಭಾಗ ಮಾಡಹೊರಟಿರುವುದು ಹೆಚ್ಚುಕಡಿಮೆ ಇದನ್ನೇ. ಕೇಂದ್ರ ಸರ್ಕಾರ 2019ರಲ್ಲಿ ಆರಂಭಿಸಿದ ಈ ಯೋಜನೆಯಲ್ಲಿ, ಊರ ಉಪಕೇಂದ್ರದ ಹತ್ತಿರವೇ ಸಣ್ಣ ಸೌರ ಘಟಕ ಹಾಕಿ ಅಲ್ಲಿನ ಪಂಪ್‌ಸೆಟ್ ಫೀಡರ್‌ಗೆ ಅಲ್ಲಿಂದಲೇ ಕೊಡುತ್ತಾರೆ. ಕರ್ನಾಟಕದಲ್ಲಿ 2025ರ ಜೂನ್‌ನಲ್ಲಿ ಗೌರಿಬಿದನೂರು ತಾಲ್ಲೂಕಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಇದಕ್ಕೆ ಚಾಲನೆ ಕೊಟ್ಟರು. ವಿದ್ಯುತ್ ಯೂನಿಟ್‌ಗೆ ಮೂರು ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಪಾವಗಡದಲ್ಲಿ ಹುಟ್ಟಿ, ದೊಡ್ಡ ಲೈನಿನಲ್ಲಿ ನೂರಾರು ಕಿಲೋಮೀಟರ್ ಹೋಗಿ, ಮತ್ತೆ ಮೆಟ್ಟಿಲಿಳಿದು ಹೊಲ ಸೇರುವ ದಾರಿಯಲ್ಲಿ ಸೋರುವ ವಿದ್ಯುತ್ ಇಲ್ಲಿ ಉಳಿಯುತ್ತದೆ. ಲೈನಿನಿಂದ ದೂರವಿರುವ ಹೊಸ ಕೊಳವೆಬಾವಿಗಳಿಗೆ ಇದೇ ಯೋಜನೆಯ ಬಿ ಭಾಗದಲ್ಲಿ ಸೌರ ಪಂಪ್ ಕೊಡುತ್ತಾರೆ. ರಾಜ್ಯದ ಪಾಲು ಶೇ 50, ಕೇಂದ್ರದ್ದು ಶೇ 30, ರೈತ ಹಾಕಬೇಕಾದದ್ದು ಶೇ 20. ಅದು ಒಳ್ಳೆಯದೇ, ಆದರೆ ಬಿಡಿ ಬಿಡಿ ಪಂಪುಗಳಿಗಿಂತ ಫೀಡರ್ ಲೆಕ್ಕದಲ್ಲಿ ಮಾಡುವುದರಲ್ಲಿ ಸೊಗಸಿದೆ. ಮೋಟರ್ ಓಡದ ದಿನವೂ ಆ ವಿದ್ಯುತ್ ಜಾಲಕ್ಕೆ ಹೋಗುತ್ತದೆ. ಒಂಟಿ ಸೌರ ಪಂಪ್ ಮಳೆಗಾಲವಿಡೀ ಬಿಸಿಲು ಕಾಯಿಸುತ್ತ ನಿಲ್ಲುತ್ತದೆ.

ತೊಡಕು ಬಂದಿರುವುದು ಜಾಗದಲ್ಲಿ. ಒಂದು ಮೆಗಾವ್ಯಾಟಿಗೆ ನಾಲ್ಕೈದು ಎಕರೆ ಬೇಕು, ಅದೂ ಉಪಕೇಂದ್ರದಿಂದ ಕೆಲವೇ ಕಿಲೋಮೀಟರ್ ಒಳಗೆ. ಸರ್ಕಾರಿ ಜಮೀನು ಎಂದು ನಕ್ಷೆಯಲ್ಲಿ ಕಾಣುವುದು ಸ್ಥಳಕ್ಕೆ ಹೋಗಿ ನೋಡಿದರೆ ಗೋಮಾಳ, ಸ್ಮಶಾನ, ಇಲ್ಲವೇ ಯಾರೋ ಮೂವತ್ತು ವರ್ಷದಿಂದ ಉಳುತ್ತಿರುವ ನೆಲ. ಮತ್ತೆ ಪಾವಗಡದ ಅದೇ ಪ್ರಶ್ನೆ, ಈ ಸಲ ಊರೂರಲ್ಲಿ.

ಇನ್ನು ಸಂಜೆ. ಐದೂವರೆಯಿಂದ ಏಳರೊಳಗೆ ಬಿಸಿಲಿನ ಸಾವಿರಾರು ಮೆಗಾವ್ಯಾಟ್ ಸೊನ್ನೆಗೆ ಇಳಿಯುತ್ತದೆ. ಪಾವಗಡವೊಂದೇ ಎರಡು ಸಾವಿರ. ಅದೃಷ್ಟಕ್ಕೆ ಹಗಲು ಪಾಳಿಯ ಪಂಪ್‌ಸೆಟ್‌ಗಳೂ ಅಷ್ಟೊತ್ತಿಗೆ ನಿಂತಿರುತ್ತವೆ, ಇಲ್ಲದಿದ್ದರೆ ದಿನವೂ 2023 ಆಗುತ್ತಿತ್ತು. ಆದರೂ ಮನೆ, ಅಂಗಡಿ, ಮೆಟ್ರೋ, ಈಗೀಗ ಆಫೀಸಿನಿಂದ ಬಂದವರು ಚಾರ್ಜಿಗೆ ಹಾಕುವ ಸ್ಕೂಟರ್, ಕಾರುಗಳು, ಇವಕ್ಕೆಲ್ಲ ಬೇರೆ ಕಡೆಯಿಂದ ಬರಬೇಕು. ಆ ಬೇರೆ ಕಡೆ ಎಂದರೆ ಮುಖ್ಯವಾಗಿ ಎರಡು: ಕಲ್ಲಿದ್ದಲು ಮತ್ತು ಶರಾವತಿ, ಕಾಳಿ, ವಾರಾಹಿಗಳ ನೀರು.

ಕಲ್ಲಿದ್ದಲು ಘಟಕವನ್ನು ಗ್ಯಾಸ್ ಒಲೆಯಂತೆ ತಿರುಗಿಸಿ ಹೊತ್ತಿಸಿ ಆರಿಸಲಾಗದು. ಸೌದೆ ಒಲೆಯ ಹಾಗೆ, ಒಮ್ಮೆ ಹತ್ತಿಕೊಂಡರೆ ಹೊತ್ತಿಕೊಂಡೇ ಇರಬೇಕು. ರಾಯಚೂರಿನ ಮೊದಲ ಘಟಕ 1985ರದು. ಏಕರೀತಿಯಲ್ಲಿ ಓಡಲೆಂದು ಕಟ್ಟಿದ ಯಂತ್ರಗಳನ್ನು ಈಗ ಮಧ್ಯಾಹ್ನ ತಗ್ಗಿಸು, ಸಂಜೆ ಏರಿಸು ಎನ್ನುತ್ತಿದ್ದೇವೆ. ಹೊಸ ನಿಯಮಗಳಂತೆ ಸಾಮರ್ಥ್ಯದ ಶೇ 40ರವರೆಗೂ ಇಳಿಸಿ ಓಡಿಸುವುದನ್ನು ಅವು ಹಂತಹಂತವಾಗಿ ಕಲಿಯಬೇಕು. ಕಾದು ತಣಿದು ಕಾದು ಕೊಳವೆಗಳು ಸೀಳುತ್ತವೆ, ರಿಪೇರಿ ಖರ್ಚು ಏರುತ್ತದೆ. ಓಡಲಿ, ಸುಮ್ಮನಿರಲಿ, ಒಪ್ಪಂದದಂತೆ ಸ್ಥಿರ ವೆಚ್ಚವನ್ನು ಎಸ್ಕಾಂ ಕಟ್ಟಲೇಬೇಕು. ಅಗ್ಗದ ಸೌರ ಬಂದರೂ ಬಿಲ್ ಯಾಕೆ ಇಳಿಯಲಿಲ್ಲ ಎಂದು ಕೇಳುವವರಿಗೆ ಉತ್ತರದ ಒಂದು ತುಂಡು ಇಲ್ಲಿದೆ.

ನೀರಿನ ಕಥೆ ಬೇರೆ. ಶರಾವತಿಯ 1,035 ಮೆಗಾವ್ಯಾಟ್ ನಿಮಿಷಗಳಲ್ಲಿ ಏಳುತ್ತದೆ. ಹಗಲೆಲ್ಲ ಬಿಸಿಲಿನ ಮೇಲೆ ನಡೆಸಿ, ಲಿಂಗನಮಕ್ಕಿಯ ನೀರನ್ನು ಸಂಜೆಗೆ ಉಳಿಸಿಕೊಂಡರೆ ಅದೇ ನಮ್ಮ ಹಳೆಯ, ದೊಡ್ಡ ಬ್ಯಾಟರಿ. ಪ್ರತಿದಿನದ ಮಟ್ಟಿಗೆ ಈ ಜೋಡಿ ಚೆನ್ನ. ಬರದ ವರ್ಷ ಮಾತ್ರ ಅಣೆಕಟ್ಟೇ ಬರಿದಾಗಿರುತ್ತದೆ. ಆ ಭಯಕ್ಕೇ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವ್ಯಾಟಿನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಮುಂದಿಟ್ಟಿದ್ದಾರೆ. ಮಧ್ಯಾಹ್ನದ ಹೆಚ್ಚುವರಿ ವಿದ್ಯುತ್ತಿನಿಂದ ನೀರನ್ನು ಮೇಲಕ್ಕೆತ್ತುವುದು, ಸಂಜೆ ಇಳಿಸಿ ಟರ್ಬೈನ್ ತಿರುಗಿಸುವುದು. ಅದೇ ನೀರು ಹತ್ತುವುದು, ಇಳಿಯುವುದು. ಹಾಕಿದ ನೂರು ಯೂನಿಟ್‌ನಲ್ಲಿ ಎಪ್ಪತ್ತೈದೋ ಎಂಬತ್ತೋ ವಾಪಸ್ ಬರುತ್ತದೆ. ಕಾಗದದ ಮೇಲೆ ಸುಂದರ. ನೆಲದ ಮೇಲೆ ಅದು ಸಿಂಗಳೀಕಗಳ ಅಭಯಾರಣ್ಯ, ಮಳೆಗಾಲದಲ್ಲಿ ಕುಸಿಯುವ ಘಟ್ಟ. ಒಮ್ಮೆ ಲಿಂಗನಮಕ್ಕಿಯಲ್ಲಿ ಮುಳುಗಿ ಎದ್ದುಹೋದ ಜನರ ಪರಿಹಾರದ ಕಡತಗಳು ಇನ್ನೂ ಪೂರ್ತಿ ಮುಚ್ಚದ ಸೀಮೆ. ಸಾಗರ, ಹೊನ್ನಾವರಗಳಲ್ಲಿ ವಿರೋಧ ಎದ್ದಿರುವುದು ಸುಮ್ಮನೆ ಅಲ್ಲ. ಬ್ಯಾಟರಿ ಸಂಗ್ರಹಣೆಯ ದರ ಟೆಂಡರಿನಿಂದ ಟೆಂಡರಿಗೆ ಇಳಿಯುತ್ತಿರುವಾಗ, ಕಾಡಿನ ಹೊಟ್ಟೆ ಕೊರೆಯುವ ತೀರ್ಮಾನಕ್ಕೆ ಅವಸರ ಪಡಬಾರದು ಎಂದೇ ನನಗನ್ನಿಸುತ್ತದೆ. ಬ್ಯಾಟರಿಯನ್ನು ಪಾವಗಡದ ಬೇಲಿಯೊಳಗೇ ಇಡಬಹುದು. ಅಲ್ಲಿ ಲೈನು ಹೇಗೂ ಸಂಜೆಯಿಂದ ಬೆಳಗಿನವರೆಗೆ ಖಾಲಿ ಮಲಗಿರುತ್ತದೆ.

ಮನೆಯ ಚಾವಣಿಯ ವಿಷಯದಲ್ಲಿ ಕರ್ನಾಟಕ ತನ್ನ ಕಾಲಿಗೆ ತಾನೇ ತೊಡರಿಕೊಂಡಿದೆ. ಕೇಂದ್ರ 2024ರ ಫೆಬ್ರುವರಿಯಲ್ಲಿ ಸೂರ್ಯ ಘರ್ ಯೋಜನೆ ತಂದು, ಮೂರು ಕಿಲೋವ್ಯಾಟ್‌ಗೆ 78,000 ರೂಪಾಯಿವರೆಗೆ ಸಹಾಯಧನ ಎಂದಿತು. ಅದಕ್ಕೂ ಮೊದಲೇ, 2023ರಲ್ಲಿ, ಗೃಹಜ್ಯೋತಿ ಬಂದಿತ್ತು. 200 ಯೂನಿಟ್ ಒಳಗಿನವರಿಗೆ ಬಿಲ್ ಸೊನ್ನೆ. ಬಿಲ್ಲೇ ಇಲ್ಲದವನು ಲಕ್ಷಕ್ಕೂ ಮೇಲೆ ಹಾಕಿ ಚಾವಣಿಗೆ ಫಲಕ ಯಾಕೆ ಹಾಕಿಸುತ್ತಾನೆ? ಗುಜರಾತ್, ಮಹಾರಾಷ್ಟ್ರ, ಕೇರಳಗಳು ಚಾವಣಿ ಸೌರದಲ್ಲಿ ನಮ್ಮನ್ನು ಹಿಂದೆ ಹಾಕಿರುವುದಕ್ಕೆ ಬಿಸಿಲಿನ ಕೊರತೆ ಕಾರಣವಲ್ಲ. ಗೃಹಜ್ಯೋತಿ ತೆಗೆಯಿರಿ ಎಂದು ನಾನು ಹೇಳುತ್ತಿಲ್ಲ, ಬಡವರ ಮನೆಯಲ್ಲಿ ಆ ಸೊನ್ನೆಗೆ ಬೆಲೆ ಇದೆ. ಆದರೆ ಆ ಮನೆಗಳ ಪರವಾಗಿ ಸರ್ಕಾರ ವರ್ಷವರ್ಷವೂ ಎಸ್ಕಾಂಗೆ ಕಟ್ಟುವ ಹಣದಲ್ಲಿ ಒಂದು ಪಾಲನ್ನು ಅದೇ ಮನೆಗಳ ಚಾವಣಿಗೆ ಹಾಕಿದರೆ, ಕೆಲ ವರ್ಷದಲ್ಲಿ ಆ ಬಾಬತ್ತೇ ಕರಗುತ್ತದೆ. ಫಲಾನುಭವಿಗಳ ಪಟ್ಟಿ ಹೇಗೂ ಸರ್ಕಾರದ ಬಳಿಯೇ ಇದೆ.

ಹಗಲು ವಿದ್ಯುತ್ತಿನ ಪರವಾಗಿ ಇಷ್ಟು ಬರೆದ ಮೇಲೆ ಅದರ ಅಪಾಯವನ್ನೂ ಹೇಳದೆ ಬಿಟ್ಟರೆ ಮೋಸವಾದೀತು. ಪುಕ್ಕಟೆ ವಿದ್ಯುತ್ತು, ಅದೂ ಹಗಲಿನಲ್ಲಿ, ಏಳು ಗಂಟೆ ಖಾತ್ರಿ. ಕೋಲಾರ, ಚಿಕ್ಕಬಳ್ಳಾಪುರದಂಥ ಕಡೆ ಸಾವಿರ ಅಡಿ ದಾಟಿದ ಕೊಳವೆಬಾವಿಗಳಿಗೆ ಇದು ಇನ್ನಷ್ಟು ಬಾಯಾರಿಕೆ. ಹತ್ತು ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗೆ ರೈತ ಬಿಲ್ ಕಟ್ಟಬೇಕಾಗಿಲ್ಲ. ಬಹುಪಾಲು ಕಡೆ ಮೀಟರೂ ಇಲ್ಲ. ವರ್ಷಕ್ಕೆ ಹತ್ತು ಸಾವಿರ ಕೋಟಿ ರೂಪಾಯಿಗೂ ಮೀರಿದ ಸಹಾಯಧನ ಅಂದಾಜಿನ ಮೇಲೆ ಹರಿಯುತ್ತಿದೆ. ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಸೂರ್ಯ ರೈತ ಎಂಬ ಹೆಸರಿನಲ್ಲಿ ಒಂದು ಪ್ರಯೋಗ ಮಾಡಿದ್ದರು: ರೈತನಿಗೆ ಮೋಟರಿಗೆ ಬೇಕಾದ್ದಕ್ಕಿಂತ ದೊಡ್ಡ ಫಲಕ ಕೊಡುವುದು, ನೀರೆತ್ತಿ ಉಳಿದ ವಿದ್ಯುತ್ತನ್ನು ಜಾಲಕ್ಕೆ ಮಾರಲು ಬಿಡುವುದು. ಹೆಚ್ಚು ನೀರೆತ್ತಿದರೆ ಕಮ್ಮಿ ದುಡ್ಡು, ಕಮ್ಮಿ ಎತ್ತಿದರೆ ಜಾಸ್ತಿ ದುಡ್ಡು. ನೀರಿಗೆ ಬೆಲೆ ಕಟ್ಟದೆಯೇ ನೀರುಳಿಸುವ ಜಾಣ ಉಪಾಯ ಅದು. ರಾಜ್ಯದ ತುಂಬ ಹರಡಲಿಲ್ಲ. ಈಗಿನ ಕುಸುಮ್ ಫೀಡರ್‌ಗಳಿಗೆ ಆ ಉಪಾಯದ ಒಂದು ರೂಪವನ್ನು ಜೋಡಿಸಬಹುದು. ಒಬ್ಬೊಬ್ಬ ರೈತನ ಬಾವಿಗೆ ಮೀಟರ್ ಹಾಕಲು ಹೋದರೆ ಗಲಾಟೆಯಾಗುತ್ತದೆ, ಹಿಂದೆಯೂ ಆಗಿದೆ. ಫೀಡರ್‌ಗೆ ಮೀಟರ್ ಹೇಗೂ ಇರುತ್ತದೆ. ಆ ಫೀಡರ್‌ನ ಊರು ಕಳೆದ ವರ್ಷಕ್ಕಿಂತ ಕಮ್ಮಿ ಎಳೆದರೆ, ಉಳಿದ ಯೂನಿಟ್‌ಗೆ ಮೂರು ರೂಪಾಯಿಯಂತೆ ಊರಿಗೇ ಕೊಡಿ. ಹಂಚಿಕೊಳ್ಳುವುದು ಹೇಗೆಂದು ಜಗಳವಾಡುವ ಕೆಲಸ ಗ್ರಾಮಸಭೆಗೆ ಬಿಡಿ.

ರಾಜ್ಯ ಲೋಡ್ ಡಿಸ್ಪ್ಯಾಚ್ ಸೆಂಟರ್‌ನ ಜಾಲತಾಣದಲ್ಲಿ ಆಯಾ ಹೊತ್ತಿನ ಬೇಡಿಕೆ, ಯಾವ ಕೇಂದ್ರದಿಂದ ಎಷ್ಟು ಬರುತ್ತಿದೆ ಎಂಬ ಅಂಕಿಗಳು ಓಡುತ್ತಿರುತ್ತವೆ. ಯಾರು ಬೇಕಾದರೂ ನೋಡಬಹುದು. ಕ್ರಿಕೆಟ್ ಸ್ಕೋರ್ ನೋಡಿದಂತೆ ಅದನ್ನು ನೋಡುವ ಚಟ ನನಗಿದೆ. ಫೆಬ್ರುವರಿ, ಮಾರ್ಚ್‌ನ ಒಂದು ದಿನ ಮಧ್ಯಾಹ್ನ ಹನ್ನೆರಡಕ್ಕೊಮ್ಮೆ, ಸಂಜೆ ಆರೂವರೆಗೊಮ್ಮೆ ತೆರೆದು ನೋಡಿ. ಸೌರದ ಸಾಲು ಕರಗುತ್ತ ಬರುವಾಗ ಶರಾವತಿಯ ಸಾಲು ಉಬ್ಬುತ್ತದೆ, ರಾಯಚೂರು, ಬಳ್ಳಾರಿಯ ಅಂಕಿ ನಿಧಾನಕ್ಕೆ, ಏದುಸಿರು ಬಿಡುತ್ತ ಮೇಲೇರುತ್ತದೆ. ಏಳು ಗಂಟೆಗೆ ಸೌರದ ಮುಂದೆ ಸೊನ್ನೆ. ರೋಣಿಹಾಳದಲ್ಲಿ ಅಷ್ಟೊತ್ತಿಗೆ ಮೋಟರ್ ನಿಂತಿದ್ದರೆ ಸರಿ.